ಅತಿಥಿಯ ಔಚಿತ್ಯ: ಫ್ರಾನ್ಸಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್

ಶಿಷ್ಟಾಚಾರವೆಂಬುದು ಒಳಗಿಲ್ಲದುದನ್ನು ಹೊರಗೆ ತೋರುವ ಒಂದು ಬಗೆಯ ನಟನೆಯೆಂದು ತಿಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಒರಟಾಗಿ ಮಾತನಾಡುವವನು ಪ್ರಾಮಾಣಿಕ, ನಯವಾಗಿ ಮಾತನಾಡುವವನು ಕಪಟಿ ಎಂಬ ಸುಲಭವಾದ ವಿಭಾಗವು ತರುಣ ಮನಸ್ಸಿಗೆ ಬಹು ಬೇಗ ಒಪ್ಪಿಗೆಯಾಗುತ್ತದೆ. ತರಗತಿಯಲ್ಲಿ ವಿದ್ಯಾರ್ಥಿಗಳೊಡನೆ ಈ ಮಾತು ಬಂದಾಗಲೆಲ್ಲ ನನಗೆ ನೆನಪಾಗುವ ಬಾಳೊಂದಿದೆ; ಅದು ಬೆಂಜಮಿನ್ ಫ್ರಾಂಕ್ಲಿನನದು. ಗಾಳಿಪಟದಿಂದ ಮಿಂಚಿನ ಗುಟ್ಟನ್ನು ಅರಿತವನೆಂದು, ಮಿತವ್ಯಯದ ನೀತಿಯನ್ನು ಬೋಧಿಸಿದವನೆಂದು ಶಾಲೆಯ ಪುಸ್ತಕಗಳ ಮೂಲಕ ಅವನನ್ನು ನಾವೆಲ್ಲ ಬಲ್ಲೆವು. ಆದರೆ ಎಪ್ಪತ್ತರ ಮುಪ್ಪಿನಲ್ಲಿ ಕಡಲು ದಾಟಿ, ಲೋಕದಲ್ಲಿಯೇ ಅತ್ಯಂತ ಬಿಗಿಯಾದ ಶಿಷ್ಟಾಚಾರವುಳ್ಳ ನಾಡಿನಲ್ಲಿ ಎಂಟೂವರೆ ವರ್ಷ ಅತಿಥಿಯಾಗಿದ್ದು, ಅಲ್ಲಿನ ರಾಜನಿಂದ ಹಿಡಿದು ಅಡುಗೆಯವನವರೆಗೆ ಎಲ್ಲರ ಪ್ರೀತಿಯನ್ನು ಗಳಿಸಿದ ಫ್ರಾಂಕ್ಲಿನನ ಪರಿಚಯ ನಮಗೆ ಅಷ್ಟಾಗಿ ಇಲ್ಲ. ಸೌಜನ್ಯವೆಂದರೇನು, ಅದರ ಬೆಲೆಯೆಷ್ಟು, ಅದರ ಎಲ್ಲೆ ಯಾವುದು ಎಂಬ ಪ್ರಶ್ನೆಗಳಿಗೆ ಆ ಎಂಟೂವರೆ ವರ್ಷಗಳಲ್ಲಿ ಉತ್ತರವಿದೆಯೆಂದು ನನ್ನ ನಂಬಿಕೆ.

ಮೊದಲು ಆ ನಾಡಿನ ರೀತಿಯನ್ನು ತಿಳಿಯಬೇಕು. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಶಿಷ್ಟಾಚಾರದ ಎರಡು ನೆಲೆಗಳಿದ್ದುವು. ಒಂದು ವರ್ಸೇಲ್ಸಿನ ಅರಮನೆಯದು. ಹದಿನಾಲ್ಕನೆಯ ಲೂಯಿಯು ಅಲ್ಲಿ ನಿಲ್ಲುವುದಕ್ಕೂ ಕೂರುವುದಕ್ಕೂ ವಿಧಿಯನ್ನು ಕಟ್ಟಿದ್ದನು. ರಾಣಿಯ ಮುಂದೆ ಬೆನ್ನಾಸರೆಯಿಲ್ಲದ ಪುಟ್ಟ ಪೀಠದ ಮೇಲೆ ಕುಳಿತುಕೊಳ್ಳುವ ಹಕ್ಕು ಯಾರಿಗೆ, ರಾಜನು ಮಲಗುವ ಹೊತ್ತಿನಲ್ಲಿ ಮೇಣದ ದೀಪವನ್ನು ಹಿಡಿಯುವ ಗೌರವ ಯಾರಿಗೆ ಎಂಬುದೆಲ್ಲ ರಾಜ್ಯಕಾರಣದಷ್ಟೇ ಗಂಭೀರವಾದ ವಿಷಯವಾಗಿತ್ತು. ಎರಡನೆಯದು ಪ್ಯಾರಿಸಿನ ಮನೆಗಳ ಗೋಷ್ಠಿ. ಹದಿನೇಳನೆಯ ಶತಮಾನದಲ್ಲಿ ಮಾರ್ಕೀಸ್ ದ ರಾಂಬೂಯೆ ಎಂಬ ಮಹಿಳೆಯು ತನ್ನ ಮನೆಯ ನೀಲಿ ಕೊಠಡಿಯಲ್ಲಿ ಕವಿಗಳನ್ನೂ ಕುಲೀನರನ್ನೂ ಕೂಡಿಸಿ ಬೆಳೆಸಿದ ಸಂಪ್ರದಾಯವದು. ಅಲ್ಲಿ ಪದವಿಗಿಂತ ಮಾತಿಗೆ ಬೆಲೆ ಹೆಚ್ಚು. ಆದರೆ ಆ ಮಾತಿನ ಜಾಣ್ಮೆಯು ತಾನು ಮೆರೆಯುವುದರಲ್ಲಿ ಇರಲಿಲ್ಲ. ಎದುರಿನವನ ಜಾಣ್ಮೆ ಮೆರೆಯುವಂತೆ ಮಾಡುವುದರಲ್ಲಿತ್ತು. ಗೋಷ್ಠಿ ಮುಗಿಸಿ ಹೊರಡುವವನು ತನ್ನ ಬಗ್ಗೆ ತಾನೇ ಸಂತೋಷಪಟ್ಟುಕೊಂಡು ಹೊರಡುವಂತೆ ನಡೆದುಕೊಂಡವನೇ ಅಲ್ಲಿ ಸುಸಂಸ್ಕೃತ.

ಈ ಎರಡನೆಯ ಪಾಠವನ್ನು ಫ್ರಾಂಕ್ಲಿನನು ಫ್ರಾನ್ಸಿಗೆ ಬರುವ ಮುನ್ನವೇ ತನ್ನಷ್ಟಕ್ಕೆ ತಾನು ಕಲಿತಿದ್ದನು. ಅವನು ಹುಟ್ಟಿದುದು 1706ರ ಜನವರಿ 17ರಂದು, ಬಾಸ್ಟನ್ ನಗರದಲ್ಲಿ. ತಂದೆ ಸಾಬೂನು ಮೇಣದಬತ್ತಿಗಳನ್ನು ಮಾಡಿ ಮಾರುವವನು. ಹದಿನೇಳು ಮಕ್ಕಳಲ್ಲಿ ಬೆಂಜಮಿನ್ ಹದಿನೈದನೆಯವನು. ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣನ ಮುದ್ರಣಾಲಯದಲ್ಲಿ ಕೆಲಸಕ್ಕೆ ನಿಂತು, ಅವನ ದರ್ಪವನ್ನು ತಾಳಲಾರದೆ ಹದಿನೇಳರಲ್ಲಿ ಫಿಲಡೆಲ್ಫಿಯಾಕ್ಕೆ ಓಡಿಹೋದನು. ತಾರುಣ್ಯದಲ್ಲಿ ಅವನಿಗೆ ವಾದದ ಹುಚ್ಚು ಬಹಳ. ಎದುರಾಳಿಯನ್ನು ಮೂಲೆಗೊತ್ತಿ ಗೆಲ್ಲುವುದರಲ್ಲಿ ಸಂತೋಷ. ಆದರೆ ಹಾಗೆ ಗೆದ್ದ ಗೆಲುವಿನಿಂದ ಯಾರ ಮನಸ್ಸೂ ತನ್ನ ಕಡೆಗೆ ತಿರುಗುವುದಿಲ್ಲವೆಂಬುದನ್ನು ಕ್ರಮೇಣ ಕಂಡುಕೊಂಡನು. ನಿಸ್ಸಂದೇಹವಾಗಿ, ಖಂಡಿತವಾಗಿ ಎಂಬಂತಹ ಮಾತುಗಳನ್ನು ತನ್ನ ನಾಲಗೆಯಿಂದಲೇ ಹೊರಗಟ್ಟಿ, ತನಗೆ ಹೀಗೆ ತೋರುತ್ತದೆ ಎಂದಷ್ಟೇ ಹೇಳುವ ಅಭ್ಯಾಸವನ್ನು ಪ್ರಯತ್ನಪೂರ್ವಕವಾಗಿ ಬೆಳೆಸಿಕೊಂಡನು. ನಿಜವಾದ ವಿನಯ ತನಗೆ ಬಂದಿತೆಂದು ಹೇಳಲಾರೆ, ಅದರ ತೋರಿಕೆಯಂತೂ ಚೆನ್ನಾಗಿ ಬಂದಿತು ಎಂಬ ಅರ್ಥದಲ್ಲಿ ಅವನೇ ತನ್ನ ಆತ್ಮಕಥೆಯಲ್ಲಿ ನಗುತ್ತ ಒಪ್ಪಿಕೊಂಡಿದ್ದಾನೆ. ಈ ಒಪ್ಪಿಗೆಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರಿಂದ ಪ್ರಯೋಜನವಿದೆ.

ಮುದ್ರಣದಲ್ಲಿ, ಪತ್ರಿಕೆಯಲ್ಲಿ, ಪಂಚಾಂಗದಲ್ಲಿ ಹಣ ಗಳಿಸಿ, 42ನೆಯ ವಯಸ್ಸಿಗೆ ವ್ಯಾಪಾರದಿಂದ ನಿವೃತ್ತನಾಗಿ ಅವನು ವಿದ್ಯುತ್ತಿನ ಅಭ್ಯಾಸಕ್ಕೆ ತೊಡಗಿದನು. ಅವನ ಪ್ರಯೋಗಗಳ ಪುಸ್ತಕ 1751ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನಿಸರ್ಗವಿಜ್ಞಾನಿ ಬ್ಯುಫೋಂನ ಪ್ರೇರಣೆಯಿಂದ ದಾಲಿಬಾರ್ ಎಂಬುವನು ಅದನ್ನು ಫ್ರೆಂಚಿಗೆ ತಂದು, 1752ರ ಮೇ 10ರಂದು ಪ್ಯಾರಿಸಿನ ಸಮೀಪದ ಮಾರ್ಲಿ ಗ್ರಾಮದಲ್ಲಿ ನೆಟ್ಟಿಸಿದ್ದ ಕಬ್ಬಿಣದ ಕಂಬದಿಂದ ಸಿಡಿಲ ಮೋಡದ ವಿದ್ಯುತ್ತು ಕಿಡಿಯಾಗಿ ಹೊರಟಿತು. ಮಿಂಚೂ ವಿದ್ಯುತ್ತೂ ಒಂದೇ ಎಂಬ ಫ್ರಾಂಕ್ಲಿನನ ಊಹೆ ಮೊದಲು ಸಿದ್ಧವಾದುದು ಹೀಗೆ ಫ್ರೆಂಚ್ ನೆಲದಲ್ಲಿ. ಹದಿನೈದನೆಯ ಲೂಯಿಯೇ ತನ್ನ ಮೆಚ್ಚುಗೆಯನ್ನು ಹೇಳಿಕಳುಹಿಸಿದನು. ಕಾಲಿಡುವ ಮೊದಲೇ ಆ ನಾಡಿನಲ್ಲಿ ಅವನ ಹೆಸರು ಬೇರೂರಿತ್ತು.

ಅವನು ಮೊದಲ ಬಾರಿಗೆ ಪ್ಯಾರಿಸನ್ನು ಕಂಡುದು 1767ರಲ್ಲಿ, ವೈದ್ಯ ಮಿತ್ರನಾದ ಸರ್ ಜಾನ್ ಪ್ರಿಂಗಲ್‌ನೊಡನೆ. ಆಗ ಲಂಡನ್ನಿನ ತನ್ನ ಮನೆಯೊಡತಿಯ ಮಗಳಿಗೆ ಅವನು ಬರೆದ ಪತ್ರವೊಂದು ಉಳಿದಿದೆ. ಹೊಸಬನ ಕಣ್ಣಿಗೆ ಫ್ರೆಂಚ್ ಸೌಜನ್ಯ ಹೇಗೆ ಕಂಡಿತೆಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ದಾರಿಯಲ್ಲಿ ದೋಣಿಯವರೂ ಹಮಾಲಿಗಳೂ ಹಣ ಸುಲಿಯುವುದರಲ್ಲಿ ಎರಡು ದೇಶದವರೂ ಸಮಾನರಾದರೂ ಫ್ರೆಂಚರು ಸುಲಿಗೆಯನ್ನು ಕೂಡ ಮರ್ಯಾದೆಯಿಂದ ಮಾಡುವರೆಂದು ಅವನು ವಿನೋದವಾಗಿ ತಿಳಿಸುತ್ತಾನೆ. ದಾರಿಯಲ್ಲಿ ಉಡುಗೊರೆಯಾಗಿ ದೊರೆತ ಎರಡು ಡಜನ್ ಶೀಷೆ ದ್ರಾಕ್ಷಾರಸವನ್ನು ನಗರದ ಬಾಗಿಲಿನಲ್ಲಿ ವಶಪಡಿಸಿಕೊಳ್ಳಲಿದ್ದರು. ಇವರು ಪರಸ್ಥಳದವರೆಂದು ತಿಳಿದೊಡನೆ ಅಧಿಕಾರಿಗಳು ಅದನ್ನು ಬಿಟ್ಟುಕೊಟ್ಟರು. ನೋತ್ರ್ ದಾಮ್ ದೇವಾಲಯದಲ್ಲಿ ದೀಪಾಲಂಕಾರವನ್ನು ನೋಡಲು ಜನ ಕಿಕ್ಕಿರಿದಿದ್ದಾಗ, ಹೊರನಾಡಿನವರೆಂಬ ಒಂದೇ ಕಾರಣಕ್ಕೆ ಇವರಿಗೆ ಪ್ರವೇಶ ದೊರೆಯಿತು. ಇಂಗ್ಲೆಂಡಿನಲ್ಲಿ ಹೆಂಗಸರಿಗೆ ಸಲ್ಲುವ ಮನ್ನಣೆ ಫ್ರಾನ್ಸಿನಲ್ಲಿ ಪರಕೀಯನಿಗೆ ಸಲ್ಲುತ್ತದೆಂದು ಅವನು ಬೆರಗಾಗಿದ್ದಾನೆ. ಬಂದ ಆರು ದಿನಗಳೊಳಗೆ ದರ್ಜಿಯೂ ಕೇಶಾಲಂಕಾರಿಯೂ ಸೇರಿ ತನ್ನನ್ನು ಫ್ರೆಂಚನನ್ನಾಗಿ ಮಾಡಿಬಿಟ್ಟರೆಂದೂ, ಹೊಸ ಕೃತಕ ಕೇಶದಲ್ಲಿ ಇಪ್ಪತ್ತು ವರ್ಷ ಚಿಕ್ಕವನಾಗಿ ಕಾಣುತ್ತಿರುವೆನೆಂದು ಜನ ಹೇಳುತ್ತಿರುವರೆಂದೂ ತನ್ನನ್ನೇ ಹಾಸ್ಯಮಾಡಿಕೊಂಡಿದ್ದಾನೆ. ಎಲ್ಲ ಪ್ರವಾಸಿಗಳಂತೆ ಮೊದಲ ಬಾರಿಗೆ ಅವನೂ ಆತಿಥೇಯನ ವೇಷವನ್ನು ತೊಟ್ಟನು. ಹತ್ತು ವರ್ಷಗಳ ತರುವಾಯ ಆ ವೇಷವನ್ನು ಕಳಚಿ ಬಂದನು. ಅದರಲ್ಲಿಯೇ ಅವನ ಪ್ರತಿಭೆ ಇದೆ.

ಈ ಎರಡು ಯಾತ್ರೆಗಳ ನಡುವೆ ಒಂದು ಕಹಿ ಘಟನೆ ನಡೆಯಿತು. ಅಮೆರಿಕದ ವಸಾಹತುಗಳ ಪ್ರತಿನಿಧಿಯಾಗಿ ಲಂಡನ್ನಿನಲ್ಲಿದ್ದ ಫ್ರಾಂಕ್ಲಿನನನ್ನು 1774ರ ಜನವರಿ 29ರಂದು ಪ್ರಿವಿ ಕೌನ್ಸಿಲಿನ ಮುಂದೆ ಕರೆಸಲಾಯಿತು. ಮ್ಯಾಸಚೂಸೆಟ್ಸ್ ಗವರ್ನರನ ಕಾಗದಗಳನ್ನು ಬಯಲುಮಾಡಿದನೆಂಬುದು ಅವನ ಮೇಲಿನ ಆರೋಪ. ಸರ್ಕಾರದ ವಕೀಲ ವೆಡರ್ಬರ್ನ್ ಸುಮಾರು ಒಂದು ಗಂಟೆಯ ಕಾಲ ಅವನನ್ನು ಕಳ್ಳನೆಂಬಂತೆ ಬಯ್ದನು. ನೆರೆದ ಪ್ರಭುಗಳು ನಕ್ಕು ನಲಿದರು. 68 ವರ್ಷದ ಮುದುಕನು ಮುಖದ ಒಂದು ಗೆರೆಯನ್ನೂ ಅಲುಗಿಸದೆ ನಿಂತು ಕೇಳಿ ಹೊರನಡೆದನು. ಅಂದು ಅವನು ತೊಟ್ಟಿದ್ದುದು ಮ್ಯಾಂಚೆಸ್ಟರ್ ಮಖಮಲ್ಲಿನ ಉಡುಪು. ಬ್ರಿಟಿಷ್ ಸಾಮ್ರಾಜ್ಯವನ್ನು ಒಡೆಯದ ಪಾತ್ರೆಯಂತೆ ಕಾಪಾಡಬೇಕೆಂದು ಅಲ್ಲಿಯವರೆಗೆ ಹಂಬಲಿಸುತ್ತಿದ್ದವನ ಮನಸ್ಸು ಆ ಕೊಠಡಿಯಲ್ಲಿ ಒಡೆಯಿತು. ಒಂದು ಗಂಟೆಯ ಅಸಭ್ಯತೆಯು ಒಂದು ರಾಜ್ಯಕ್ಕೆ ಎಷ್ಟು ನಷ್ಟವನ್ನು ತರಬಲ್ಲದೆಂಬುದಕ್ಕೆ ಇತಿಹಾಸದಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ವಿರಳ.

ಅಮೆರಿಕವು ಸ್ವಾತಂತ್ರ್ಯವನ್ನು ಘೋಷಿಸಿದ 1776ರ ಕೊನೆಯಲ್ಲಿ ಫ್ರಾಂಕ್ಲಿನನು ಇಬ್ಬರು ಮೊಮ್ಮಕ್ಕಳೊಡನೆ ಹಡಗನ್ನೇರಿದನು. ಬಂದೂಕಿಲ್ಲದ, ಮದ್ದಿಲ್ಲದ, ಬೊಕ್ಕಸವಿಲ್ಲದ ಒಂದು ಹೊಸ ದೇಶಕ್ಕಾಗಿ ಯೂರೋಪಿನ ಅತ್ಯಂತ ಹಳೆಯ ಅರಸೊತ್ತಿಗೆಗಳಲ್ಲೊಂದರ ನೆರವನ್ನು ಬೇಡುವುದು ಅವನಿಗೆ ಒಪ್ಪಿಸಿದ ಕೆಲಸ. ಡಿಸೆಂಬರ್ 3ರಂದು ಬ್ರಿಟನಿಯ ಓರೇ ಎಂಬಲ್ಲಿ ಬಳಲಿ ದಡಕ್ಕಿಳಿದನು. ಚರ್ಮರೋಗದಿಂದ ನೆತ್ತಿ ಹುಣ್ಣಾಗಿತ್ತು, ಚಳಿ ಕಠಿಣವಾಗಿತ್ತು. ಆದುದರಿಂದ ಕೆನಡಾ ಯಾತ್ರೆಯಿಂದ ತಂದಿದ್ದ ತುಪ್ಪುಳಿನ ಟೋಪಿಯೊಂದನ್ನು ಹಣೆಯವರೆಗೆ ಇಳಿಸಿಕೊಂಡಿದ್ದನು. ಪುಡಿ ಹಚ್ಚಿದ ಕೃತಕ ಕೇಶಗಳ ನಾಡಿನಲ್ಲಿ ಈ ಟೋಪಿ, ನೆರೆತ ನೇರ ಕೂದಲು, ಕನ್ನಡಕ, ಕಂದು ಬಣ್ಣದ ಸಾದಾ ಅಂಗಿ ಇವೆಲ್ಲ ಜನರ ಕಣ್ಣಿಗೆ ಬೇರೊಂದಾಗಿ ಕಂಡುವು. ರೂಸೋವನ್ನು ಓದಿ ಸರಳ ಬದುಕಿಗೆ ಮನಸೋತಿದ್ದ ಪ್ಯಾರಿಸ್ಸು ಇವನಲ್ಲಿ ಕಾಡಿನಿಂದ ಇಳಿದುಬಂದ ಋಷಿಯನ್ನು ಕಂಡಿತು. ಅವನು ಕ್ವೇಕರ್ ಪಂಥದವನಲ್ಲದಿದ್ದರೂ ಕ್ವೇಕರನೆಂದು ಬಗೆಯಿತು. ಅದನ್ನು ತಿದ್ದುವ ಗೋಜಿಗೆ ಫ್ರಾಂಕ್ಲಿನನು ಹೋಗಲಿಲ್ಲ. ಮರುವರ್ಷ ನೀನಿ ಎಂಬ ಶಿಲ್ಪಿಯು ಆ ಟೋಪಿಯ ಸಮೇತ ಅವನ ಮುಖವನ್ನು ಮಣ್ಣಿನ ಬಿಲ್ಲೆಗಳಲ್ಲಿ ಮೂಡಿಸಿದನು. ಹೆಂಗಸರು ಕೂದಲನ್ನು ಆ ಟೋಪಿಯ ಆಕಾರಕ್ಕೆ ಬಾಚಿಕೊಂಡರು. ತನ್ನ ಮುಖವೀಗ ಚಂದ್ರನ ಮುಖದಷ್ಟೇ ಪರಿಚಿತವಾಗಿದೆಯೆಂದು ಅವನು ಮಗಳಿಗೆ ಬರೆದನು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹೊರನಾಡಿನವನು ಆತಿಥೇಯರ ಉಡುಪನ್ನೆಲ್ಲ ತೊಟ್ಟು, ಅವರ ವಿಧಿಯನ್ನೆಲ್ಲ ಚಾಚೂತಪ್ಪದೆ ಅನುಸರಿಸಹೊರಟರೆ, ಎಷ್ಟೇ ಪಳಗಿದರೂ ಅವನು ಎರಡನೆಯ ದರ್ಜೆಯ ಫ್ರೆಂಚನಾಗಿಯೇ ಉಳಿಯುತ್ತಾನೆ. ತಾನು ತಾನಾಗಿಯೇ ಇದ್ದು, ಆತಿಥೇಯರ ಮನಸ್ಸಿನ ಮರ್ಯಾದೆಯನ್ನು ಮಾತ್ರ ಕಾಯುವವನು ಅವರ ಗೌರವಕ್ಕೆ ಪಾತ್ರನಾಗುತ್ತಾನೆ. ಫ್ರಾಂಕ್ಲಿನನು ಉಡುಪಿನಲ್ಲಿ ಫ್ರೆಂಚನಾಗಲಿಲ್ಲ. ನಡವಳಿಕೆಯ ತಿರುಳಿನಲ್ಲಿ ಆದನು. 1777ರಲ್ಲಿ ಅವನು ಪ್ಯಾರಿಸಿಗೂ ವರ್ಸೇಲ್ಸಿಗೂ ನಡುವಣ ಪಾಸಿ ಎಂಬ ಗ್ರಾಮದಲ್ಲಿ, ಶೋಮೋಂ ಎಂಬ ಧನಿಕನ ಭವನದಲ್ಲಿ ನೆಲೆಸಿದನು. ಅವನ ಫ್ರೆಂಚ್ ಭಾಷೆಯಲ್ಲಿ ವ್ಯಾಕರಣದ ದೋಷಗಳು ಹೇರಳ. ಅದಕ್ಕಾಗಿ ಅವನು ನಾಚಿ ಬಾಯಿ ಮುಚ್ಚಿಕೊಳ್ಳಲಿಲ್ಲ. ನೆರೆಮನೆಯ ಸಂಗೀತಜ್ಞೆ ಮದಾಮ್ ಬ್ರಿಯೋಂಳ ಕೈಯಲ್ಲಿ ತನ್ನ ಬರಹಗಳನ್ನು ಕೊಟ್ಟು ತಿದ್ದಿಸಿಕೊಂಡನು. ಕಲಿಸುವ ಸಂತೋಷವನ್ನು ಆತಿಥೇಯನಿಗೆ ಕೊಡುವುದೂ ಅತಿಥಿಯ ಒಂದು ಕಾಣಿಕೆಯಲ್ಲವೆ? ಮನೆಯಲ್ಲಿಯೇ ಪುಟ್ಟ ಅಚ್ಚುಕೂಟವನ್ನಿಟ್ಟು, ಸಂಧಿವಾತವು ತನ್ನೊಡನೆ ಜಗಳವಾಡುವ ಸಂಭಾಷಣೆಯಂತಹ ಹಗುರಾದ ಬರಹಗಳನ್ನು ಅಚ್ಚುಹಾಕಿ ಗೆಳೆಯರಿಗೆ ಹಂಚಿದನು.

ಮಾತು ಅರ್ಥವಾಗದಾಗ ಅವನು ಪಟ್ಟ ಪಾಡಿನ ಒಂದು ಕಥೆಯನ್ನು ಅವನ ಮೊಮ್ಮಗನು ಹೇಳಿದ್ದಾನೆ. ಸಭೆಯೊಂದರಲ್ಲಿ ಭಾಷಣಗಳು ನಡೆಯುತ್ತಿದ್ದುವು. ಓಟದ ಫ್ರೆಂಚು ಮುದುಕನಿಗೆ ಹಿಡಿಯಲಿಲ್ಲ. ಮರ್ಯಾದೆಗೆ ಕುಂದು ಬಾರದಿರಲೆಂದು, ಪರಿಚಿತಳಾದ ಮದಾಮ್ ದ ಬೂಫ್ಲೇರ್ ಚಪ್ಪಾಳೆ ತಟ್ಟಿದಾಗಲೆಲ್ಲ ತಾನೂ ತಟ್ಟಲು ನಿಶ್ಚಯಿಸಿದನು. ಸಭೆ ಮುಗಿದ ಮೇಲೆ ಮೊಮ್ಮಗನು, ಅವರು ತಮ್ಮನ್ನು ಹೊಗಳಿದಾಗಲೆಲ್ಲ ಎಲ್ಲರಿಗಿಂತ ಜೋರಾಗಿ ತಾವೇ ಚಪ್ಪಾಳೆ ತಟ್ಟಿದಿರೆಂದು ತಿಳಿಸಿದನಂತೆ. ಅನುಕರಣೆಯನ್ನೇ ನಂಬಿದ ಶಿಷ್ಟಾಚಾರದ ಗತಿಯೇ ಇದು.

ಆದರೂ ಒಪ್ಪಂದಗಳು ಚಪ್ಪಾಳೆಯಿಂದ ಆಗುವುದಿಲ್ಲ. 1763ರಲ್ಲಿ ಇಂಗ್ಲೆಂಡಿಗೆ ಸೋತ ಸೇಡು ಫ್ರಾನ್ಸಿನ ಎದೆಯಲ್ಲಿತ್ತು. 1777ರ ಅಕ್ಟೋಬರಿನಲ್ಲಿ ಸಾರಟೋಗದ ಬಳಿ ಬ್ರಿಟಿಷ್ ಸೇನೆಯೊಂದು ಅಮೆರಿಕನ್ನರಿಗೆ ಶರಣಾದ ಸುದ್ದಿ ಬಂದ ಮೇಲೆ ವಿದೇಶಾಂಗ ಮಂತ್ರಿ ವೆರ್ಜೆನ್ ಮನಸ್ಸುಮಾಡಿದನು. 1778ರ ಫೆಬ್ರವರಿ 6ರ ಸಂಜೆ ಪ್ಯಾರಿಸಿನ ಕ್ವಾಲೆಂ ಭವನದಲ್ಲಿ ಎರಡು ದೇಶಗಳ ಮೈತ್ರಿಗೆ ಸಹಿ ಬಿದ್ದಿತು. ಅಂದು ಫ್ರಾಂಕ್ಲಿನನು ಹಳೆಯ ಮಖಮಲ್ಲಿನ ಉಡುಪೊಂದನ್ನು ತೊಟ್ಟು ಬಂದಿದ್ದನೆಂದೂ, ಅದು ನಾಲ್ಕು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಬೈಗುಳನ್ನು ಕೇಳಿ ನಿಂತಾಗ ತೊಟ್ಟಿದ್ದ ಉಡುಪೇ ಎಂದೂ ಜೊತೆಯಲ್ಲಿದ್ದವರು ಬರೆದಿಟ್ಟಿದ್ದಾರೆ. ಅವನ ಸೌಜನ್ಯದ ಕೆಳಗೆ ಮರೆಯದ ಮನಸ್ಸೊಂದಿತ್ತು. ಮಾರ್ಚ್ 20ರಂದು ವರ್ಸೇಲ್ಸಿನಲ್ಲಿ ಹದಿನಾರನೆಯ ಲೂಯಿಯು ಅಮೆರಿಕದ ನಿಯೋಗವನ್ನು ಬರಮಾಡಿಕೊಂಡನು. ಕತ್ತಿಯಿಲ್ಲದೆ, ಕೃತಕ ಕೇಶವಿಲ್ಲದೆ, ಕನ್ನಡಕ ಧರಿಸಿ, ಬಿಳಿಯ ಟೋಪಿಯನ್ನು ಕಂಕುಳಲ್ಲಿಟ್ಟು ಬಂದ ಈ ಮುದುಕನಿಗೆ ಅರಮನೆಯ ವಿಧಿಗಳೆಲ್ಲ ದಾರಿ ಬಿಟ್ಟುವು.

ಅದೇ ವರ್ಷದ ಏಪ್ರಿಲ್ 29ರಂದು ವಿಜ್ಞಾನ ಅಕಾಡೆಮಿಯಲ್ಲಿ ನಡೆದುದು ಇನ್ನೊಂದು ಸೊಗಸಾದ ಪ್ರಸಂಗ. 83 ವರ್ಷದ ವಾಲ್ಟೇರನೂ 72 ವರ್ಷದ ಫ್ರಾಂಕ್ಲಿನನೂ ಅಲ್ಲಿ ಒಟ್ಟಿಗೆ ಇದ್ದರು. ಇಬ್ಬರನ್ನೂ ಪರಿಚಯಿಸಬೇಕೆಂದು ಸಭೆ ಕೂಗಿತು. ಎದ್ದು ತಲೆಬಾಗಿದರು, ಸಭೆಗೆ ತೃಪ್ತಿಯಾಗಲಿಲ್ಲ. ಕೈ ಹಿಡಿದುಕೊಂಡರು, ಅದೂ ಸಾಲದಾಯಿತು. ಫ್ರೆಂಚ್ ರೀತಿಯಲ್ಲಿ ಅಪ್ಪಿಕೊಳ್ಳಬೇಕೆಂದು ಜನ ಒತ್ತಾಯಿಸಿದಾಗ, ಆ ಇಬ್ಬರು ವೃದ್ಧರು ಒಬ್ಬರನ್ನೊಬ್ಬರು ಆಲಿಂಗಿಸಿ ಕೆನ್ನೆಗೆ ಮುತ್ತಿಟ್ಟರು. ಸಭೆ ಆಗ ಶಾಂತವಾಯಿತು. ಇದನ್ನು ವ್ಯಂಗ್ಯ ಬೆರೆಸಿ ದಾಖಲಿಸಿದವನು ಅಂದು ಅಲ್ಲಿದ್ದ ಜಾನ್ ಆಡಮ್ಸ್, ಮುಂದೆ ಅಮೆರಿಕದ ಎರಡನೆಯ ಅಧ್ಯಕ್ಷನಾದವನು.

ಆಡಮ್ಸನ ಮಾತಿಲ್ಲದೆ ಈ ಕಥೆ ಪೂರ್ಣವಾಗದು. ಅವನು ನಿಷ್ಠೆಯ, ದುಡಿಮೆಯ, ನಿಷ್ಠುರದ ಮನುಷ್ಯ. ಪಾಸಿಯ ಅದೇ ಭವನದಲ್ಲಿದ್ದುಕೊಂಡು ಅವನು ಫ್ರೆಂಚ್ ವ್ಯಾಕರಣವನ್ನು ಕಷ್ಟಪಟ್ಟು ಕಲಿತನು. ಫ್ರಾಂಕ್ಲಿನನು ತಡವಾಗಿ ಏಳುವುದು, ದಿನವೂ ಯಾರದೋ ಮನೆಯ ಔತಣಕ್ಕೆ ಹೋಗುವುದು, ಕಾಗದಪತ್ರಗಳು ಗುಡ್ಡೆ ಬೀಳುವುದು ಅವನಿಗೆ ಸಹಿಸಲಾಗಲಿಲ್ಲ. ಅವನ ದೂರಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಅವನ ನೇರ ನುಡಿಯ ಫಲವೇನಾಯಿತು? ಅಮೆರಿಕದ ಉಪಕಾರವೂ ಫ್ರಾನ್ಸಿಗೆ ಉಂಟು, ಬೇಡುವವರಂತೆ ಕೃತಜ್ಞತೆ ತೋರುತ್ತಲೇ ಇರಬೇಕಾಗಿಲ್ಲ ಎಂಬ ಧೋರಣೆಯಿಂದ ಅವನು ಬರೆದ ಸಾಲು ಪತ್ರಗಳಿಗೆ ಬೇಸತ್ತ ವೆರ್ಜೆನ್, 1780ರ ಜುಲೈ ಕೊನೆಯಲ್ಲಿ ಇನ್ನು ತನ್ನ ವ್ಯವಹಾರವೇನಿದ್ದರೂ ಫ್ರಾಂಕ್ಲಿನನೊಡನೆಯೇ ಎಂದು ತಿಳಿಸಿಬಿಟ್ಟನು. ಆಗ ಫ್ರಾಂಕ್ಲಿನನು ಅಮೆರಿಕದ ಕಾಂಗ್ರೆಸ್ಸಿಗೆ ಬರೆದ ಮಾತು ವಿಚಾರಾರ್ಹ. ತರುಣನಾದ ಈ ರಾಜನಿಗೆ ಪೀಡಿತ ಜನಾಂಗವೊಂದಕ್ಕೆ ನೆರವಾಗುತ್ತಿರುವೆನೆಂಬ ಭಾವನೆ ಸಂತೋಷವನ್ನು ಕೊಡುತ್ತಿದೆ; ಕೃತಜ್ಞತೆಯನ್ನು ಹೇಳಿ ಆ ಸಂತೋಷವನ್ನು ಹೆಚ್ಚಿಸುವುದು ನಮ್ಮ ಧರ್ಮ, ನಮ್ಮ ಹಿತವೂ ಹೌದು ಎಂಬುದು ಅದರ ಸಾರಾಂಶ. ಕೊಡುವವನಿಗೆ ಕೊಟ್ಟ ಸುಖ ಸಿಗುವಂತೆ ಸ್ವೀಕರಿಸುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ಈ ವಿದ್ಯೆಗೆ ಅತ್ಯಂತ ಕಠಿನವಾದ ಪರೀಕ್ಷೆ ಬಂದುದು 1782ರಲ್ಲಿ. ಫ್ರಾನ್ಸಿನ ಅರಿವಿಲ್ಲದೆ ಶಾಂತಿಯ ಮಾತುಕತೆಯನ್ನು ನಡೆಸಕೂಡದೆಂದು ಕಾಂಗ್ರೆಸ್ಸು ತನ್ನ ಪ್ರತಿನಿಧಿಗಳಿಗೆ ಆಜ್ಞೆ ಮಾಡಿತ್ತು. ಆದರೆ ಆಡಮ್ಸ್ ಮತ್ತು ಜಾನ್ ಜೇ ಇಬ್ಬರಿಗೂ ವೆರ್ಜೆನ್ನನಲ್ಲಿ ಅವಿಶ್ವಾಸ. ಫ್ರಾಂಕ್ಲಿನನೂ ಅವರೊಡನೆ ಸೇರಿ, ಮಂತ್ರಿಗೆ ಒಪ್ಪಂದವನ್ನು ತೋರಿಸದೆ ನವೆಂಬರ್ 30ರಂದು ಇಂಗ್ಲೆಂಡಿನೊಡನೆ ಪ್ರಾಥಮಿಕ ಕರಾರಿಗೆ ಸಹಿ ಹಾಕಿದನು. ಉಂಡ ಮನೆಗೆ ಬಗೆದ ನಡೆಯಿದು ಎಂದರೆ ತಪ್ಪಾಗದು. ಅಷ್ಟೇ ಅಲ್ಲ, ಅದೇ ವೇಳೆಯಲ್ಲಿ ಅದೇ ಮನೆಯಿಂದ ಹೊಸ ಸಾಲವನ್ನೂ ಪಡೆಯಬೇಕಾಗಿತ್ತು! ಡಿಸೆಂಬರ್ 15ರಂದು ವೆರ್ಜೆನ್ ನೊಂದು ಬರೆದನು. ಔಚಿತ್ಯವನ್ನು ಚೆನ್ನಾಗಿ ಬಲ್ಲ ತಾವು ಹೀಗೆ ಮಾಡಬಹುದೆ ಎಂಬುದು ಅವನ ಪ್ರಶ್ನೆ. ಎರಡು ದಿನಗಳ ಮೇಲೆ ಫ್ರಾಂಕ್ಲಿನನು ಕೊಟ್ಟ ಉತ್ತರವನ್ನು ರಾಜನೀತಿಯ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಮಂತ್ರಿಯು ಬಳಸಿದ್ದ ಮಾತನ್ನೇ ಎತ್ತಿಕೊಂಡು, ತಾವು ಬಿಯಾಂಸೆಯಾಂಸ್ ಎಂಬುದನ್ನು ಒಂದು ಅಂಶದಲ್ಲಿ ಮೀರಿದುದು ನಿಜವೆಂದು ಒಪ್ಪಿಕೊಂಡನು. ರಾಜನಲ್ಲಿ ತಮಗಿರುವ ಗೌರವದ ಕೊರತೆಯಿಂದ ಹಾಗಾದುದಲ್ಲವೆಂದನು. ಒಂದು ಅಚಾತುರ್ಯದಿಂದ ಮಹಾಕಾರ್ಯವು ಕೆಡದಿರಲೆಂದು ಕೋರಿದನು. ಕೊನೆಯಲ್ಲಿ, ಇಂಗ್ಲಿಷರು ನಮ್ಮನ್ನು ಆಗಲೇ ಒಡೆದೆವೆಂದು ಬೀಗುತ್ತಿದ್ದಾರೆ, ಈ ಸಣ್ಣ ಮನಸ್ತಾಪವನ್ನು ಗುಟ್ಟಾಗಿಟ್ಟರೆ ಅವರಿಗೆ ಆಶಾಭಂಗವಾದೀತೆಂದು ಮೆಲ್ಲಗೆ ಸೇರಿಸಿದನು. 60 ಲಕ್ಷ ಲೀವ್ರಗಳ ಹೊಸ ಸಾಲ ಮಂಜೂರಾಯಿತು. ಅದರಲ್ಲಿ 6 ಲಕ್ಷವು ಕೂಡಲೇ ಹಡಗನ್ನೇರಿತು.

ಆ ಫ್ರೆಂಚ್ ಪದವನ್ನು ಕನ್ನಡಕ್ಕೆ ತರಬೇಕಾದರೆ ಔಚಿತ್ಯವೆಂಬುದಕ್ಕಿಂತ ಹತ್ತಿರದ ಮಾತು ನನಗೆ ತೋರದು. ಸ್ವಾರಸ್ಯವೆಂದರೆ ಎರಡು ಪದಗಳೂ ಸಮಾಜದಲ್ಲಿ ಇರುವಂತೆ ಸಾಹಿತ್ಯವಿಮರ್ಶೆಯಲ್ಲಿಯೂ ಇವೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದು ಎತ್ತಿಹಿಡಿದನು. ಹದಿನೇಳನೆಯ ಶತಮಾನದ ಫ್ರೆಂಚ್ ನಾಟಕವು ಬಿಯಾಂಸೆಯಾಂಸನ್ನು ರಂಗದ ನಿಯಮವಾಗಿ ಮಾಡಿಕೊಂಡಿತು. ಯಾವುದು ಎಲ್ಲಿ ಸಲ್ಲುವುದೋ ಅದನ್ನು ಅಲ್ಲಿಡುವ ವಿವೇಕವೇ ಎರಡರ ತಿರುಳು. ಫ್ರಾಂಕ್ಲಿನನು ಮಾಡಿದ ಚಮತ್ಕಾರವೇನು? ಮಿತ್ರದ್ರೋಹವೆಂದು ಕರೆಯಬಹುದಾದುದನ್ನು ಔಚಿತ್ಯಭಂಗವೆಂಬ ಸಣ್ಣ ಹೆಸರಿನಿಂದ ಕರೆದು, ದೊಡ್ಡ ಗಾಯವನ್ನು ಚಿಕ್ಕದಾಗಿಸಿದನು. ಇದು ಸೌಜನ್ಯವೋ ಚಾತುರ್ಯವೋ? ಎರಡೂ ಹೌದು ಎನ್ನಬೇಕು. ನಿಜವಾದ ವಿನಯಕ್ಕೂ ಅದರ ತೋರಿಕೆಗೂ ನಡುವೆ ಅವನೇ ಗುರುತಿಸಿದ್ದ ಅಂತರ ಇಲ್ಲಿ ಕಾಣುತ್ತದೆ. ಆದರೆ ವೆರ್ಜೆನ್ನನೂ ಮಗುವಲ್ಲ. ಮೈತ್ರಿ ಉಳಿಯಬೇಕೆಂಬ ಇಚ್ಛೆ ಅವನಿಗೂ ಇತ್ತು. ಮಾನ ಕಳೆದುಕೊಳ್ಳದೆ ಕ್ಷಮಿಸಲು ಅವನಿಗೊಂದು ದಾರಿ ಬೇಕಾಗಿತ್ತು. ಆ ದಾರಿಯನ್ನು ಫ್ರಾಂಕ್ಲಿನನ ಪತ್ರ ತೆರೆದುಕೊಟ್ಟಿತು. ಆಡಮ್ಸನ ಪ್ರಾಮಾಣಿಕತೆಯಿಂದ ಮುಚ್ಚಿದ್ದ ಬಾಗಿಲು ಇದು.

ಫ್ರೆಂಚ್ ರೀತಿಗೆ ಇಷ್ಟು ಒಗ್ಗಿದವನು ಅದನ್ನೇ ನಾಗರಿಕತೆಯ ಪರಮಾವಧಿಯೆಂದು ಭಾವಿಸಿದನೆ? ಇಲ್ಲ. 1784ರ ಸುಮಾರಿಗೆ ಪಾಸಿಯ ಅಚ್ಚುಕೂಟದಲ್ಲಿ ಅವನು ಉತ್ತರ ಅಮೆರಿಕದ ಮೂಲನಿವಾಸಿಗಳ ನಡತೆಯನ್ನು ಕುರಿತ ಚಿಕ್ಕ ಪ್ರಬಂಧವನ್ನು ಅಚ್ಚು ಮಾಡಿದನು. ನಮ್ಮ ರೀತಿಗಿಂತ ಬೇರೆಯಾದ ರೀತಿಯುಳ್ಳವರನ್ನು ನಾವು ಅನಾಗರಿಕರೆನ್ನುತ್ತೇವೆ, ಅವರೂ ನಮ್ಮನ್ನು ಹಾಗೆಯೇ ತಿಳಿದಿದ್ದಾರೆ ಎಂಬುದು ಅದರ ನಿಲುವು. ಅವರ ಸಭೆಯಲ್ಲಿ ಒಬ್ಬನು ಮಾತು ಮುಗಿಸಿದ ಮೇಲೆ, ಅವನಿಗೆ ಮರೆತುದೇನಾದರೂ ನೆನಪಾದೀತೆಂದು ಎಲ್ಲರೂ ಸ್ವಲ್ಪ ಹೊತ್ತು ಮೌನವಾಗಿರುತ್ತಾರೆ. ಹೊಸಬನು ಊರಿನೊಳಕ್ಕೆ ಏಕಾಏಕಿ ನುಗ್ಗದೆ ಹೊರಗೆ ನಿಂತು ಕೂಗುತ್ತಾನೆ. ಹಿರಿಯರು ಬಂದು ಅತಿಥಿಗಳ ಮನೆಗೆ ಕರೆದೊಯ್ದು, ಉಣಿಸಿ, ವಿಶ್ರಾಂತಿಯಾದ ಮೇಲೆಯೇ ಬಂದ ಕಾರಣವನ್ನು ಕೇಳುತ್ತಾರೆ. ಇದನ್ನು ವಿವರಿಸಿ ಫ್ರಾಂಕ್ಲಿನನು ಬ್ರಿಟಿಷ್ ಪಾರ್ಲಿಮೆಂಟಿನ ಗದ್ದಲವನ್ನೂ, ಮಾತನ್ನು ಅರ್ಧದಲ್ಲಿ ಕಿತ್ತುಕೊಳ್ಳುವ ಯೂರೋಪಿನ ಸಭ್ಯ ಗೋಷ್ಠಿಗಳನ್ನೂ ಅದರ ಪಕ್ಕದಲ್ಲಿಡುತ್ತಾನೆ. ಆ ಗೋಷ್ಠಿಗಳಲ್ಲಿ ಕುಳಿತು ಎಂಟು ವರ್ಷ ಕೇಳಿದವನ ಅನುಭವ ಆ ಸಾಲುಗಳ ಹಿಂದಿದೆ. ಆತಿಥೇಯರನ್ನು ನೋಯಿಸದೆಯೇ ಅವರಿಗೆ ಕನ್ನಡಿ ಹಿಡಿದ ಬಗೆಯಿದು.

1785ರ ಜುಲೈ 12ರಂದು ಅವನು ಪಾಸಿಯನ್ನು ಬಿಟ್ಟನು. ಮೂತ್ರಕೋಶದ ಕಲ್ಲಿನ ಬಾಧೆಯಿಂದ ಬಂಡಿಯ ಕುಲುಕಾಟವನ್ನು ತಾಳಲಾರದವನಿಗಾಗಿ ಹೇಸರಗತ್ತೆಗಳು ಹೊರುವ ರಾಣಿಯ ಪಲ್ಲಕ್ಕಿಯೇ ಬಂದಿತು. 408 ವಜ್ರಗಳನ್ನು ಕೆತ್ತಿಸಿದ ತನ್ನ ಭಾವಚಿತ್ರವನ್ನು ರಾಜನು ಉಡುಗೊರೆಯಾಗಿತ್ತನು. ಇದೇ ರಾಜನು, ಫ್ರಾಂಕ್ಲಿನನ ಹೊಗಳಿಕೆಯಿಂದ ಬೇಸತ್ತು, ಅವನ ಮುಖಮುದ್ರೆಯನ್ನು ಶೌಚಪಾತ್ರೆಯೊಂದರ ತಳದಲ್ಲಿ ಬರೆಯಿಸಿ ಅವನ ಅಭಿಮಾನಿಯಾದ ಆಸ್ಥಾನದ ಮಹಿಳೆಯೊಬ್ಬಳಿಗೆ ಕಳುಹಿಸಿದ್ದನೆಂದು ರಾಣಿಯ ಪರಿಚಾರಿಕೆ ಮದಾಮ್ ಕಾಂಪಾಂ ಬರೆದಿದ್ದಾಳೆ. ಅರಮನೆಯ ನಗೆಗೆ ಎರಡು ಮುಖಗಳಿದ್ದುವು.

ಸೌಜನ್ಯದ ಎಲ್ಲೆಯನ್ನು ತಿಳಿಯಲು ನಮ್ಮ ನಾಡಿನ ಒಂದು ನಿದರ್ಶನವೇ ಸಾಕು. 1778ರ ಮೈತ್ರಿಯಿಂದ ಹೊತ್ತಿದ ಆಂಗ್ಲ-ಫ್ರೆಂಚ್ ಯುದ್ಧವು ಮೈಸೂರನ್ನೂ ಮುಟ್ಟಿತ್ತು. 1779ರಲ್ಲಿ ಇಂಗ್ಲಿಷರು ಫ್ರೆಂಚರ ಮಾಹೆ ಬಂದರನ್ನು ಹಿಡಿದುದು ಮರುವರ್ಷ ಹೈದರಾಲಿಯು ಯುದ್ಧಕ್ಕಿಳಿಯಲು ಒಂದು ಕಾರಣವಾಯಿತು. ಫಿಲಡೆಲ್ಫಿಯಾದಲ್ಲಿ 1782ರಲ್ಲಿ ಸಜ್ಜಾದ ಒಂದು ಯುದ್ಧನೌಕೆಗೆ ಹೈದರಾಲಿಯ ಹೆಸರನ್ನೇ ಇಟ್ಟಿದ್ದರು. ಫ್ರಾಂಕ್ಲಿನನು ಹೊರಟ ಮೂರು ವರ್ಷಗಳಿಗೆ, 1788ರ ಆಗಸ್ಟ್ 10ರಂದು, ಟಿಪ್ಪುವಿನ ಮೂವರು ರಾಯಭಾರಿಗಳು ಅದೇ ವರ್ಸೇಲ್ಸಿನಲ್ಲಿ ಅದೇ ಲೂಯಿಯ ಮುಂದೆ ನಿಂತರು. ಪ್ಯಾರಿಸ್ಸು ಅವರ ಉಡುಪನ್ನೂ ಮುಖಗಳನ್ನೂ ನೋಡಲು ಮುಗಿಬಿದ್ದಿತು, ಉಪಚಾರಕ್ಕೆ ಕೊರತೆಯಾಗಲಿಲ್ಲ. ಆದರೆ ಬೇಡಿದ ಸೇನೆ ಸಿಗಲಿಲ್ಲ. ಪಿಂಗಾಣಿಯ ಕಾಣಿಕೆಗಳೂ ಕೆಲವರು ಕುಶಲಕರ್ಮಿಗಳೂ ಸಿಕ್ಕರು. ಬೊಕ್ಕಸ ಬರಿದಾಗಿತ್ತು. ಅದು ಬರಿದಾಗಲು ಅಮೆರಿಕದ ಯುದ್ಧವೂ ಒಂದು ಕಾರಣ. ಸೌಜನ್ಯವು ಬಾಗಿಲನ್ನು ತೆರೆಯಬಲ್ಲದು, ಒಳಗಿಲ್ಲದುದನ್ನು ಕೊಡಿಸಲಾರದು.

ಫ್ರಾಂಕ್ಲಿನನು 1790ರ ಏಪ್ರಿಲ್ 17ರಂದು ಫಿಲಡೆಲ್ಫಿಯಾದಲ್ಲಿ ತೀರಿಕೊಂಡನು. ಲೂಯಿಯ ಚಿತ್ರವನ್ನು ಮಗಳಿಗೆ ಬಿಟ್ಟು, ಅದರ ವಜ್ರಗಳನ್ನು ಕಿತ್ತು ಒಡವೆ ಮಾಡಿಸಿಕೊಳ್ಳಕೂಡದೆಂದು ಮರಣಶಾಸನದಲ್ಲಿ ವಿಧಿಸಿದ್ದನು. ಅವನ ಸ್ವದೇಶದ ಸೆನೆಟ್ಟು ಶೋಕಾಚರಣೆಗೆ ಒಪ್ಪಲಿಲ್ಲ. ಕ್ರಾಂತಿಯ ಸುಳಿಯಲ್ಲಿದ್ದ ಫ್ರಾನ್ಸಿನ ರಾಷ್ಟ್ರೀಯ ಸಭೆಯು ಮಿರಾಬೋವಿನ ಸೂಚನೆಯ ಮೇರೆಗೆ ಮೂರು ದಿನ ಶೋಕವಸ್ತ್ರವನ್ನು ಧರಿಸಿತು. ಕೊಟ್ಟ ಹಣದ ಬಡ್ಡಿಯನ್ನು ಅಮೆರಿಕವು 1785ರಲ್ಲಿಯೇ ನಿಲ್ಲಿಸಿತ್ತು. 1793ರ ಜನವರಿ 21ರಂದು ಲೂಯಿಯ ತಲೆಯು ಗಿಲೊಟಿನಿಗೆ ಬಿದ್ದುದು ಮೈತ್ರಿಗೆ ಸಹಿಯಾಗಿದ್ದ ಕ್ವಾಲೆಂ ಭವನದ ಎದುರಿನ ಚೌಕದಲ್ಲಿ.

ಇವುಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಫ್ರಾಂಕ್ಲಿನನ ಸೌಜನ್ಯದಲ್ಲಿ ಲೆಕ್ಕಾಚಾರವಿದ್ದಿತೆಂಬುದನ್ನು ಮುಚ್ಚಿಡಲಾಗದು. ಆದರೆ ಬರಿಯ ಲೆಕ್ಕಾಚಾರವು ಎಂಟೂವರೆ ವರ್ಷ ನಿಲ್ಲುವುದಿಲ್ಲ. ಕೆಲಸ ಮುಗಿದ ಮೇಲೆ ಅಷ್ಟು ಜನರ ಕಣ್ಣಲ್ಲಿ ನೀರು ತರಿಸುವುದೂ ಇಲ್ಲ. ನಯವನ್ನು ಮೊದಲು ಉಪಾಯವಾಗಿ ಹಿಡಿದವನಿಗೆ ಅದು ಕಾಲಕ್ರಮದಲ್ಲಿ ಸ್ವಭಾವವಾಗಿರಬೇಕು. ದಿನವೂ ಮಾಡಿದ ಅಭ್ಯಾಸವು ಒಳಗಿಳಿಯುವ ಬಗೆಯೇ ಅದು. ಒಳಗೆ ಪ್ರೀತಿ ತುಂಬಿದ ಮೇಲೆಯೇ ಹೊರಗೆ ಮರ್ಯಾದೆ ತೋರುವೆವೆಂದು ಕಾದು ಕುಳಿತರೆ ಬಾಳು ಮುಗಿದುಹೋದೀತು. ಎದುರಿಗಿರುವವನ ಮಾತು ಮುಗಿಯುವವರೆಗೆ ಸುಮ್ಮನಿರುವುದು, ಕೊಟ್ಟುದನ್ನು ಕೊಟ್ಟವನಿಗೆ ಸಂತೋಷವಾಗುವಂತೆ ತೆಗೆದುಕೊಳ್ಳುವುದು, ತಪ್ಪಿದಾಗ ಅವನಿಗೆ ಕ್ಷಮಿಸಲು ಒಂದು ದಾರಿ ಬಿಡುವುದು: ಇಷ್ಟನ್ನು ಹೊರಗಿನ ಆಚಾರವಾಗಿಯೇ ಮೊದಲು ಮಾಡಿದರೂ ನಷ್ಟವೇನಿಲ್ಲ. ಒಳಗಿನದು ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ.